ಫೈರ್ ಡೋರ್ ಬದಲಿಸುವ ಮುಂಚೆ ಶಾಫ್ಟ್ ಬಾಗಿಲು ತೆರೆದು ನೋಡಿ

ಪ್ರಶ್ನೆ: ನಮ್ಮದು ಬೆಂಗಳೂರಿನ ಹೊರವರ್ತುಲ ರಸ್ತೆಗೆ ಹತ್ತಿರದ ಅಪಾರ್ಟ್‌ಮೆಂಟ್. ಕೆಳಗೆ ಎರಡು ಬೇಸ್‌ಮೆಂಟ್, ಮೇಲೆ 14 ಮಹಡಿ. ಜನ ವಾಸಕ್ಕೆ ಬಂದು ಹನ್ನೊಂದು ವರ್ಷವಾಯಿತು. ಪ್ರತಿ ಮಹಡಿಯಲ್ಲೂ ಎರಡು ಮೆಟ್ಟಿಲು, ಎರಡಕ್ಕೂ ಕಬ್ಬಿಣದ ಫೈರ್ ಡೋರ್, ಅಂದರೆ ಬೆಂಕಿ ತಡೆಯುವ ಬಾಗಿಲು. ರಾತ್ರಿ ಹೊತ್ತು ಧಡಾರನೆ ಬಡಿಯುತ್ತವೆ ಎಂದು ಬಹಳ ಕಡೆ ಇಟ್ಟಿಗೆ ಕೊಟ್ಟು ತೆರೆದೇ ಇಟ್ಟಿದ್ದಾರೆ. ಎಎಂಸಿ (ವಾರ್ಷಿಕ ನಿರ್ವಹಣೆಯ ಕರಾರು) ಕಂಪನಿಯವರು ಮೂರು ತಿಂಗಳಿಗೊಮ್ಮೆ ಬಂದು ‘ಎಲ್ಲ ಸರಿ ಇದೆ’ ಎಂದು ವರದಿ ಕೊಡುತ್ತಾರೆ. ಈಗ ಬೇರೊಬ್ಬ ವೆಂಡರ್ ಎಲ್ಲ ಬಾಗಿಲನ್ನೂ ಬದಲಿಸಲೇಬೇಕು ಎಂದು ದೊಡ್ಡ ಮೊತ್ತದ ಕೊಟೇಶನ್ ಕೊಟ್ಟಿದ್ದಾರೆ. ಕಮಿಟಿಯಲ್ಲಿ ಎರಡು ಬಣವಾಗಿದೆ. ಬಾಗಿಲುಗಳನ್ನು ನಾವೇ ಪರೀಕ್ಷಿಸಬಹುದೇ? ಯಾವುದನ್ನು ಉಳಿಸಿಕೊಳ್ಳಬಹುದು, ಯಾವುದನ್ನು ತೆಗೆಯಬೇಕು?
– ಸಂಘದ ಕಾರ್ಯದರ್ಶಿ

ಉತ್ತರ: ಸದ್ಯಕ್ಕೆ ಆ ಕೊಟೇಶನ್‌ಗೆ ಸಹಿ ಹಾಕಬೇಡಿ. ಹಾಗೆಂದು ಎಎಂಸಿಯವರ ‘ಎಲ್ಲ ಸರಿ ಇದೆ’ ಎನ್ನುವ ಮಾತನ್ನೂ ನಂಬಿ ಕೂರಬೇಡಿ. ಆ ಕರಾರಿನ ಪ್ರತಿಯನ್ನು ತೆಗೆದು ಕೆಲಸಗಳ ಪಟ್ಟಿ ಓದಿ. ಪಂಪ್, ಹೈಡ್ರಂಟ್, ಹೋಸ್ ರೀಲ್, ಸ್ಪ್ರಿಂಕ್ಲರ್, ಅಲಾರ್ಮ್ ಪ್ಯಾನಲ್, ಸಿಲಿಂಡರ್‌ಗಳು – ಇಷ್ಟು ಇರುತ್ತದೆ. ಬಾಗಿಲು, ಶಾಫ್ಟ್ (ಕೇಬಲ್, ಪೈಪುಗಳು ಮಹಡಿಯಿಂದ ಮಹಡಿಗೆ ಹೋಗುವ ಉದ್ದನೆಯ ಗೂಡು) ಎಂಬ ಮಾತು ಸಾಮಾನ್ಯವಾಗಿ ಎಲ್ಲೂ ಇರುವುದಿಲ್ಲ. ಅವರು ಸುಳ್ಳು ಹೇಳುತ್ತಿಲ್ಲ, ಕೇಳಿದ್ದಕ್ಕಷ್ಟೇ ಉತ್ತರ ಕೊಡುತ್ತಿದ್ದಾರೆ. ಹನ್ನೊಂದು ವರ್ಷದಲ್ಲಿ ನಿಮ್ಮ ಬಾಗಿಲುಗಳನ್ನು ಯಾರೂ ನೋಡಿಯೇ ಇಲ್ಲ ಎಂದು ಇಟ್ಟುಕೊಂಡು ಶುರು ಮಾಡುವುದು ಒಳ್ಳೆಯದು.

ನೀವು ಬರೆದ ಕಟ್ಟಡ ನಾನು ನೋಡುವ ಹತ್ತಾರು ಕಟ್ಟಡಗಳ ಹಾಗೆಯೇ ಇದ್ದರೆ, ಅರ್ಧಕ್ಕಿಂತ ಹೆಚ್ಚು ಬಾಗಿಲುಗಳು ರಿಪೇರಿಯಲ್ಲಿ ಸರಿಹೋಗುತ್ತವೆ. ನಿಜವಾದ ಅಪಾಯ ಪಕ್ಕದಲ್ಲಿರುವ ಎಲೆಕ್ಟ್ರಿಕಲ್ ಶಾಫ್ಟ್‌ನೊಳಗೆ ಇರುತ್ತದೆ. ಆ ಬಗ್ಗೆ ನಿಮ್ಮ ಪತ್ರದಲ್ಲಿ ಒಂದು ಸಾಲೂ ಇಲ್ಲ! ಹಾಗಾಗಿ ಕೇಳದಿದ್ದರೂ ಅದನ್ನೂ ಸೇರಿಸಿ ಬರೆಯುತ್ತೇನೆ.

ಮೊದಲು ಎದುರಾಳಿ ಯಾರು ಎಂಬುದು ಕಮಿಟಿಗೆ ಸ್ಪಷ್ಟವಾಗಲಿ. ಕಾಂಕ್ರೀಟ್ ಕಟ್ಟಡದಲ್ಲಿ ಬೆಂಕಿ ಹೊತ್ತಿದ ಫ್ಲ್ಯಾಟ್ ಬಿಟ್ಟು ಬೇರೆ ಮಹಡಿಗಳಲ್ಲಿ ಸಾಯುವವರು ಬಹುಪಾಲು ಹೊಗೆಯಿಂದ ಸಾಯುತ್ತಾರೆ. ನಮ್ಮೂರಿನ ಉದಾಹರಣೆಯೇ ಇದೆ. 2010ರ ಫೆಬ್ರುವರಿ 23ರಂದು ಹಳೆ ವಿಮಾನ ನಿಲ್ದಾಣ ರಸ್ತೆಯ ಕಾರ್ಲ್‌ಟನ್ ಟವರ್ಸ್‌ನಲ್ಲಿ ಬೆಂಕಿ ಕಾಣಿಸಿಕೊಂಡದ್ದು ವಿದ್ಯುತ್ ಡಕ್ಟ್‌ನಲ್ಲಿ. ಅಲ್ಲಿಂದ ಹೊಗೆ ಮೇಲಿನ ಮಹಡಿಗಳನ್ನು ತುಂಬಿತು. ಉಸಿರುಗಟ್ಟಿದವರು, ತಾಳಲಾರದೆ ಗಾಜು ಒಡೆದು ಹಾರಿದವರು ಸೇರಿ 9 ಜನ ತೀರಿಕೊಂಡರು. ಅದು ಗಗನಚುಂಬಿಯೇನೂ ಅಲ್ಲ, ಏಳು ಮಹಡಿಯ ಕಟ್ಟಡ. ಮರುವರ್ಷ ಡಿಸೆಂಬರ್ 9ರಂದು ಕೋಲ್ಕತ್ತದ ಢಾಕುರಿಯಾದ ಎಎಂಆರ್‌ಐ ಆಸ್ಪತ್ರೆಯಲ್ಲಿ ಬೆಂಕಿ ಹೊತ್ತಿದ್ದು ಬೇಸ್‌ಮೆಂಟ್‌ನಲ್ಲಿ, ಪ್ರಾಣ ಹೋದದ್ದು ಮೇಲಿನ ವಾರ್ಡ್‌ಗಳಲ್ಲಿ ಮಲಗಿದ್ದ ರೋಗಿಗಳದ್ದು. ಸತ್ತವರು 90ರ ಆಸುಪಾಸು. ಜ್ವಾಲೆ ಅವರ ಹತ್ತಿರಕ್ಕೂ ಬಂದಿರಲಿಲ್ಲ.

ನಿಮ್ಮ ಇಟ್ಟಿಗೆಯ ವಿಷಯಕ್ಕೆ ನೇರವಾಗಿ ಸಂಬಂಧಪಟ್ಟದ್ದು ನ್ಯೂಯಾರ್ಕ್‌ನ ಬ್ರಾಂಕ್ಸ್‌ನಲ್ಲಿ 2022ರ ಜನವರಿ 9ರಂದು ಆದದ್ದು. 19 ಮಹಡಿಯ ವಸತಿ ಕಟ್ಟಡ. ಕೆಳಮಹಡಿಯ ಒಂದು ಮನೆಯಲ್ಲಿ ರೂಮ್ ಹೀಟರ್‌ನಿಂದ ಬೆಂಕಿ ಹತ್ತಿತು. ಮನೆಯವರು ಓಡಿ ಹೊರಬಂದರು, ತಾನಾಗಿ ಮುಚ್ಚಿಕೊಳ್ಳಬೇಕಿದ್ದ ಬಾಗಿಲು ಮುಚ್ಚಲಿಲ್ಲ. ಬೆಂಕಿ ಆ ಮನೆಯನ್ನೂ ಅದರ ಮುಂದಿನ ಕಾರಿಡಾರನ್ನೂ ದಾಟಿ ಹೆಚ್ಚೇನೂ ಹೋಗಲಿಲ್ಲ. ಹೊಗೆ ಮಾತ್ರ ಮೆಟ್ಟಿಲಿಗೆ ನುಗ್ಗಿತು, 15ನೇ ಮಹಡಿಯಲ್ಲಿ ಮೆಟ್ಟಿಲಿನ ಇನ್ನೊಂದು ಬಾಗಿಲೂ ತೆರೆದಿತ್ತು. 17 ಜನ ಸತ್ತರು, ಅವರಲ್ಲಿ 8 ಮಕ್ಕಳು. ಎಲ್ಲರೂ ಹೊಗೆ ಕುಡಿದು ಸತ್ತವರು. ‘ಒಂದು ಬಾಗಿಲು ತೆರೆದಿದ್ದರೆ ಏನಾಗುತ್ತದೆ ಸ್ವಾಮಿ’ ಎಂದು ವಾದಿಸುವ ಸದಸ್ಯರಿಗೆ ಇದನ್ನು ಓದಿ ಹೇಳಿ.

ನೀರು ಚಿಮ್ಮುವುದು, ಗಂಟೆ ಹೊಡೆಯುವುದು, ಪಂಪ್ ಓಡುವುದು ಇವೆಲ್ಲ ಸಕ್ರಿಯ ವ್ಯವಸ್ಥೆ. ಗೋಡೆ, ಸ್ಲ್ಯಾಬ್, ಬಾಗಿಲು, ಶಾಫ್ಟ್‌ನ ಸಂದು ಮುಚ್ಚುವ ಸೀಲ್ ಇವು ನಿಷ್ಕ್ರಿಯ ವ್ಯವಸ್ಥೆ. ಕರೆಂಟ್ ಹೋದರೂ, ಪಂಪ್ ಕೈಕೊಟ್ಟರೂ ಇವು ಸುಮ್ಮನೆ ನಿಂತು ಕೆಲಸ ಮಾಡುತ್ತವೆ. ಆದರೆ ಇವು ಹಾಳಾದರೆ ಪ್ಯಾನಲ್‌ನಲ್ಲಿ ಕೆಂಪು ದೀಪ ಹತ್ತುವುದಿಲ್ಲ. ಇಟ್ಟಿಗೆ ಇಟ್ಟವನೂ ಗೋಡೆ ಕೊರೆದವನೂ ಯಾರಿಗೂ ಹೇಳಿ ಹೋಗುವುದಿಲ್ಲ.

ಫೈರ್ ಡೋರ್ ಎಂದರೆ ದಪ್ಪ ತಗಡಿನ ಹಲಗೆ ಎಂದು ಭಾವಿಸಿದವರೇ ಹೆಚ್ಚು. ಪ್ರಯೋಗಾಲಯದಲ್ಲಿ ಪರೀಕ್ಷೆಗೆ ಒಡ್ಡುವುದು ಚೌಕಟ್ಟು, ಹಲಗೆ, ಹಿಂಜ್, ಲ್ಯಾಚ್, ಬಾಗಿಲನ್ನು ತಾನಾಗಿ ಮುಚ್ಚಿಸುವ ಕ್ಲೋಸರ್, ಗಾಜಿನ ಕಿಂಡಿ ಎಲ್ಲ ಸೇರಿದ ಒಂದು ಸೆಟ್ಟನ್ನು. ಕುಲುಮೆಯ ಬಾಯಿಗೆ ಅದನ್ನು ಕೂರಿಸಿ ಉರಿ ಹಚ್ಚುತ್ತಾರೆ. ಐಎಸ್‌ಒ 834 ಎಂಬ ಅಂತರರಾಷ್ಟ್ರೀಯ ಮಾನಕದ ಪ್ರಕಾರ ಕುಲುಮೆಯ ಶಾಖ ಐದೇ ನಿಮಿಷಕ್ಕೆ 576 ಡಿಗ್ರಿ ಸೆಲ್ಸಿಯಸ್, ಅರ್ಧ ಗಂಟೆಗೆ 842, ಒಂದು ಗಂಟೆಗೆ 945, ಎರಡು ಗಂಟೆಗೆ 1049 ಮುಟ್ಟಬೇಕು. ಅಲ್ಯೂಮಿನಿಯಂ 660 ಡಿಗ್ರಿಗೇ ಕರಗುತ್ತದೆ. ಯಾರೋ ಅಗ್ಗಕ್ಕೆ ಸಿಕ್ಕಿತೆಂದು ಅಲ್ಯೂಮಿನಿಯಂ ಹಿಂಜ್ ಹಾಕಿದ್ದರೆ ಆ ಬಾಗಿಲಿನ ಆಯಸ್ಸು ಎಷ್ಟು ನಿಮಿಷ ಎಂದು ನೀವೇ ಲೆಕ್ಕ ಹಾಕಿ.

ಭಾರತದ ರಾಷ್ಟ್ರೀಯ ಕಟ್ಟಡ ಸಂಹಿತೆ, ಅಂದರೆ ಎನ್‌ಬಿಸಿ 2016ರ 4ನೇ ಭಾಗ, ಮೆಟ್ಟಿಲು ಮತ್ತು ಲಿಫ್ಟ್ ಲಾಬಿಯ ಪ್ರವೇಶದಲ್ಲಿ 120 ನಿಮಿಷ ತಡೆಯುವ ಬಾಗಿಲು ಬೇಕು ಎನ್ನುತ್ತದೆ. ನಮ್ಮಲ್ಲಿ ಮಾರಾಟವಾಗುವ ಕಬ್ಬಿಣದ ಬಾಗಿಲುಗಳಲ್ಲಿ ಬಹುಪಾಲು ಒಳಗೆ ಜೇನುಗೂಡಿನ ಆಕಾರದ ಕಾಗದ ತುಂಬಿದಂಥವು. ಅವು ಅಷ್ಟು ಹೊತ್ತು ಜ್ವಾಲೆಯನ್ನು ಆಚೆ ಬಿಡದೆ ನಿಲ್ಲುತ್ತವೆ, ಆದರೆ ಶಾಖವನ್ನು ತಡೆಯುವುದಿಲ್ಲ. ಈಚೆ ಬದಿಯೂ ಕೈ ಇಡಲಾಗದಷ್ಟು ಕಾಯುತ್ತದೆ. ಶಾಖವನ್ನೂ ತಡೆಯುವ ಬಾಗಿಲಾದರೆ ಈಚೆ ಬದಿಯ ಶಾಖದ ಏರಿಕೆ ಸರಾಸರಿ 140 ಡಿಗ್ರಿ ಮೀರಬಾರದು, ಯಾವುದೇ ಒಂದು ಬಿಂದುವಿನಲ್ಲಿ 180 ದಾಟಬಾರದು. ನಿಮ್ಮದು ಮೊದಲ ಬಗೆಯದ್ದೇ ಇರಬಹುದು. ಅದು ತಪ್ಪೇನಲ್ಲ. ಆದರೆ ಬಾಗಿಲಿಗೆ ಒರಗಿಸಿಟ್ಟ ಚಪ್ಪಲಿ ಸ್ಟ್ಯಾಂಡು, ಹಳೇ ಹಾಸಿಗೆ, ಮಕ್ಕಳ ಸೈಕಲ್ಲು ಅಲ್ಲಿಂದ ಎದ್ದು ಹೋಗಲೇಬೇಕು.

ಇನ್ನು ಪರೀಕ್ಷೆ. ನೀವೇ ಮಾಡಬಹುದು. ಒಂದು ಟಾರ್ಚು, ಒಂದು ಸ್ಕ್ರೂಡ್ರೈವರ್, ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ, ಸಂದು ಅಳೆಯುವ ಫೀಲರ್ ಗೇಜ್, ಫೋಟೊ ತೆಗೆಯಲು ಮೊಬೈಲು. ಒಂದು ಬಾಗಿಲನ್ನು ಸಾವಧಾನವಾಗಿ ನೋಡಿದರೆ ಉಳಿದವುಗಳಲ್ಲಿ ಕಣ್ಣು ತಾನಾಗಿ ಪಳಗುತ್ತದೆ.

ಬಾಗಿಲು ಪೂರ್ತಿ ತೆರೆದು ಹಿಂಜ್ ಇರುವ ಅಂಚನ್ನು ನೋಡಿ. ಅಲ್ಲಿ ಅಥವಾ ಮೇಲಂಚಿನಲ್ಲಿ ರಿವೆಟ್ ಹೊಡೆದ ಚಿಕ್ಕ ಲೋಹದ ಪಟ್ಟಿ ಇರಬೇಕು: ತಯಾರಕರ ಹೆಸರು, ಎಷ್ಟು ನಿಮಿಷ, ಯಾವ ಮಾನಕ, ಕ್ರಮಸಂಖ್ಯೆ. ಪೇಂಟರ್ ಅದರ ಮೇಲೂ ಬ್ರಷ್ ಎಳೆದಿದ್ದರೆ ಥಿನ್ನರ್ ಹಾಕಿ ಮೆಲ್ಲಗೆ ಒರೆಸಿ. ಪಟ್ಟಿ ಇಲ್ಲವೇ ಇಲ್ಲ ಎಂದಾದರೆ ಬಿಲ್ಡರ್ ಕೊಟ್ಟ ಕಾಗದಗಳಲ್ಲಿ ಟೆಸ್ಟ್ ವರದಿ ಹುಡುಕಿ. ಅದೂ ಸಿಗದಿದ್ದರೆ ಆ ಬಾಗಿಲು ಫೈರ್ ಡೋರ್ ಎಂದು ಹೇಳಲು ಆಧಾರವಿಲ್ಲ ಎಂದು ಬರೆದುಕೊಳ್ಳಿ.

ಆಮೇಲೆ ಚೌಕಟ್ಟನ್ನು ಬೆರಳಿನಿಂದ ತಟ್ಟಿ. ಒಳಗೆ ಗಾರೆಯೋ ರಾಕ್‌ವೂಲ್ಲೋ (ಉರಿಯದ ಕಲ್ಲಿನ ನಾರು) ತುಂಬಿದ್ದರೆ ಮಂದ ಶಬ್ದ ಬರುತ್ತದೆ, ಟೊಳ್ಳಾಗಿದ್ದರೆ ಡಬ್ಬದ ಸದ್ದು. ಚೌಕಟ್ಟು ಮತ್ತು ಗೋಡೆಯ ನಡುವೆ ಹಳದಿ ಬಣ್ಣದ ಫೋಮ್ ಉಬ್ಬಿಕೊಂಡಿದೆಯೇ? ಕಿಟಕಿ ಕೂರಿಸುವವರು ಬಳಸುವ ಮಾಮೂಲಿ ಪಿಯು ಫೋಮ್ ಅದು. ಚೆನ್ನಾಗಿ ಉರಿಯುತ್ತದೆ!

ಬಾಗಿಲು ಮುಚ್ಚಿ ಸಂದು ಅಳೆಯಿರಿ. ಮೇಲೆ ಮತ್ತು ಎರಡೂ ಪಕ್ಕ 3 ಮಿ.ಮೀ. ಆಸುಪಾಸು ಇದ್ದರೆ ಒಳ್ಳೆಯದು, 4 ದಾಟಬಾರದು. ಗೇಜ್ ಸಿಗಲಿಲ್ಲವೆಂದರೆ ಎರಡು ಹತ್ತು ರೂಪಾಯಿ ನಾಣ್ಯ ಜೋಡಿಸಿ ಹಿಡಿಯಿರಿ, ಸುಮಾರು ಮೂರೂವರೆ ಮಿ.ಮೀ. ಆಗುತ್ತದೆ. ಅದು ಸಂದಿನಲ್ಲಿ ಸಡಿಲವಾಗಿ ಅಲ್ಲಾಡಿದರೆ ಗುರುತು ಹಾಕಿ. ಕೆಳಗಿನ ಸಂದಿಗೆ ಸ್ವಲ್ಪ ರಿಯಾಯಿತಿ ಇದೆ, ಆದರೂ ಇಲಿ ನುಗ್ಗುವಷ್ಟು ಇರಬಾರದು. ಲಾಬಿಯ ಟೈಲ್ಸ್ ಕಿತ್ತು ಹೊಸದು ಹಾಕಿಸಿದ ಕಟ್ಟಡಗಳಲ್ಲಿ ಇದು ಒಂದು ಕಡೆ ಬೆರಳು ತೂರುವಷ್ಟು, ಇನ್ನೊಂದು ಕಡೆ ನೆಲಕ್ಕೆ ಉಜ್ಜುವಷ್ಟು ಏರುಪೇರಾಗಿರುತ್ತದೆ.

ಒಳ್ಳೆಯ ಬಾಗಿಲಿನ ಅಂಚಿನಲ್ಲಿ ಕೊರೆದ ತೋಡಿನಲ್ಲಿ ಒಂದು ತೆಳು ಪಟ್ಟಿ ಇರುತ್ತದೆ. ಸುಮಾರು 200 ಡಿಗ್ರಿ ಶಾಖಕ್ಕೆ ಅದು ಕಾದ ಎಣ್ಣೆಗೆ ಬಿದ್ದ ಸಂಡಿಗೆಯ ಹಾಗೆ ಅರಳಿ ಸಂದನ್ನು ತುಂಬುತ್ತದೆ. ಆದರೆ ಬೆಂಕಿಯ ಮೊದಲ ನಿಮಿಷಗಳ ತಣ್ಣನೆ ಹೊಗೆಗೆ ಅದು ಅರಳುವುದಿಲ್ಲ. ಅದಕ್ಕೆ ಪ್ರತ್ಯೇಕವಾಗಿ ರಬ್ಬರ್ ಅಥವಾ ಬ್ರಷ್‌ನಂಥ ಹೊಗೆ ಸೀಲ್ ಬೇಕು. ನಿಮ್ಮ ಕಾಲದ ಕಬ್ಬಿಣದ ಬಾಗಿಲುಗಳಲ್ಲಿ ಎಷ್ಟೋ ಕಡೆ ಇವೆರಡೂ ಇರುವುದಿಲ್ಲ. ಅರಳುವ ಪಟ್ಟಿಯ ವಿಷಯ ತಯಾರಕರನ್ನು ಕೇಳಿಯೇ ತೀರ್ಮಾನಿಸಿ. ಹೊಗೆ ಸೀಲನ್ನು ಮಾತ್ರ ಈಗಲೂ ಹೊರಮೈಗೆ ಕೂರಿಸಿಕೊಳ್ಳಬಹುದು. ನಾನಾದರೆ ಹೊಸ ಬಾಗಿಲಿಗಿಂತ ಮೊದಲು ಇದಕ್ಕೆ ಹಣ ಹಾಕುತ್ತೇನೆ.

ಈಗ ಕ್ಲೋಸರ್. ಬಾಗಿಲನ್ನು ಪೂರ್ತಿ ತೆರೆದು ಬಿಟ್ಟುಬಿಡಿ. ಯಾರೂ ತಳ್ಳದೆ ಮುಚ್ಚಿಕೊಂಡು, ಲ್ಯಾಚ್ ‘ಟಕ್’ ಎಂದು ಕೂರಬೇಕು. ಮತ್ತೆ ಒಂದು ಗೇಣಷ್ಟೇ ತೆರೆದು ಬಿಡಿ. ಸೋಲುವುದು ಇಲ್ಲೇ: ಪೂರ್ತಿ ತೆರೆದಾಗ ಓಟದ ಬಲದಿಂದ ಮುಚ್ಚುವ ಬಾಗಿಲು, ಅಷ್ಟು ಹತ್ತಿರದಿಂದ ಬಿಟ್ಟಾಗ ಲ್ಯಾಚ್‌ಗೆ ತಾಗಿ ನಿಂತುಬಿಡುತ್ತದೆ. ಲ್ಯಾಚ್ ಕೂರದ ಬಾಗಿಲನ್ನು ಬೆಂಕಿಯ ಒತ್ತಡವೇ ತಳ್ಳಿ ತೆರೆಯುತ್ತದೆ. ಕ್ಲೋಸರ್‌ನ ಕೆಳಗೆ ಬಾಗಿಲ ಮೇಲೆ ಎಣ್ಣೆ ಇಳಿದ ಗೆರೆ ಕಂಡರೆ ಅದರ ಸೀಲ್ ಹೋಗಿದೆ, ರಿಪೇರಿಯಿಲ್ಲ, ಹೊಸದೇ ಹಾಕಬೇಕು. ಎರಡು ಹಲಗೆಯ ಬಾಗಿಲಾದರೆ ಯಾವುದು ಮೊದಲು ಮುಚ್ಚಬೇಕೆಂದು ನಿಯಂತ್ರಿಸುವ ಕೋಆರ್ಡಿನೇಟರ್ ಮೇಲ್ಗಡೆ ಇರಬೇಕು. ಇಲ್ಲದಿದ್ದರೆ ಒಂದರ ಮೇಲೊಂದು ಸಿಕ್ಕಿಕೊಂಡು ಅರೆತೆರೆದೇ ನಿಲ್ಲುತ್ತವೆ.

ನಿಮ್ಮ ಧಡಾರ್ ಸಮಸ್ಯೆಗೆ ಮದ್ದೂ ಇಲ್ಲೇ ಇದೆ. ಹೈಡ್ರಾಲಿಕ್ ಕ್ಲೋಸರ್‌ನ ಒಂದು ತುದಿಯಲ್ಲಿ ಸಾಮಾನ್ಯವಾಗಿ ಎರಡು ಸ್ಕ್ರೂಗಳಿರುತ್ತವೆ. ಒಂದು ಬಾಗಿಲು ತಿರುಗುವ ವೇಗಕ್ಕೆ, ಇನ್ನೊಂದು ಕೊನೆಯ ಕೆಲವು ಇಂಚುಗಳಲ್ಲಿ ಲ್ಯಾಚ್ ಕೂರುವ ವೇಗಕ್ಕೆ. ಎರಡನೆಯದನ್ನು ಕಾಲು ಸುತ್ತು ತಿರುಗಿಸಿ ನೋಡಿ, ಮತ್ತೆ ಬಿಡಿ, ಮತ್ತೆ ಕಾಲು ಸುತ್ತು. ಸದ್ದು ಇಳಿಯಬೇಕು, ಲ್ಯಾಚ್ ಕೂರಬೇಕು, ಎರಡೂ ಆಗುವ ಜಾಗ ಒಂದಿರುತ್ತದೆ. ಸ್ಕ್ರೂವನ್ನು ಪೂರ್ತಿ ಬಿಚ್ಚಿದರೆ ಎಣ್ಣೆ ಚೆಲ್ಲುತ್ತದೆ, ಅದೊಂದು ಎಚ್ಚರ. ಚೌಕಟ್ಟಿಗೆ ಹೊಗೆ ಸೀಲ್ ಅಂಟಿಸಿದರೆ ಲೋಹಕ್ಕೆ ಲೋಹ ಬಡಿಯುವುದೂ ಕಡಿಮೆಯಾಗುತ್ತದೆ. ಇಷ್ಟಕ್ಕೂ ಹನ್ನೊಂದು ವರ್ಷ ಇಟ್ಟಿಗೆ ಇಟ್ಟರಲ್ಲ!

ಹಗಲಿಡೀ ಓಡಾಟವಿರುವ ಒಂದೆರಡು ಬಾಗಿಲು ತೆರೆದೇ ಇರಬೇಕು ಎಂದರೆ ಅದಕ್ಕೂ ದಾರಿ ಇದೆ. ಅಲಾರ್ಮ್ ಪ್ಯಾನಲ್‌ಗೆ ಜೋಡಿಸಿದ ವಿದ್ಯುತ್ಕಾಂತೀಯ ಹಿಡಿಕೆ ಹಾಕಿಸಿ. ಅಲಾರ್ಮ್ ಆದೊಡನೆ, ಕರೆಂಟ್ ಹೋದೊಡನೆ ಅದು ಕೈಬಿಡುತ್ತದೆ. ಹಗ್ಗ, ಇಟ್ಟಿಗೆ, ಮಡಚಿದ ರಟ್ಟು, ಕುಂಡ ಯಾವುದೂ ಬೇಡ. ಹಾಗೆಯೇ ಟವರ್ ಬೋಲ್ಟ್, ಬೀಗ, ಸರಪಳಿ ಕಂಡಲ್ಲಿ ಅಂದೇ ತೆಗೆಸಿ. ತಪ್ಪಿಸಿಕೊಳ್ಳುವ ದಾರಿಯ ಬಾಗಿಲು ಒಳಗಿನಿಂದ ಕೀಲಿಯಿಲ್ಲದೆ ತೆರೆಯಬೇಕು. 1997ರಲ್ಲಿ ದೆಹಲಿಯ ಉಪಹಾರ್ ಚಿತ್ರಮಂದಿರದಲ್ಲಿ 59 ಜನ ಸತ್ತದ್ದರಲ್ಲಿ ಮುಚ್ಚಿದ್ದ ಬಾಗಿಲುಗಳ ಪಾಲು ದೊಡ್ಡದು.

ನಮ್ಮ ಕಡೆಯ ಬಾಗಿಲುಗಳಿಗೆ ಬರುವ ಒಂದು ಕಾಯಿಲೆಯನ್ನು ವಿದೇಶಿ ಚೆಕ್‌ಲಿಸ್ಟ್‌ಗಳಲ್ಲಿ ಅಷ್ಟಾಗಿ ಕಾಣಲಾರಿರಿ. ಹೌಸ್‌ಕೀಪಿಂಗ್‌ನವರು ಕಾರಿಡಾರಿಗೆ ಬಕೆಟ್‌ಗಟ್ಟಲೆ ನೀರು ಸುರಿದು, ಆಸಿಡ್ ಹಾಕಿ ತೊಳೆಯುತ್ತಾರೆ. ನೀರು ಬಾಗಿಲಿನ ಅಡಿಗೆ ಹೋಗುತ್ತದೆ, ತಗಡು ಕೆಳಗಿನಿಂದ ತುಕ್ಕು ತಿನ್ನುತ್ತದೆ, ಒಳಗಿನ ಕಾಗದ ನೆನೆದು ಮುದ್ದೆಯಾಗುತ್ತದೆ. ಮಂಡಿಯೂರಿ, ಬಾಗಿಲಿನ ಕೆಳಗಿನ ನಾಲ್ಕು ಬೆರಳಷ್ಟು ಭಾಗವನ್ನು ಸ್ಕ್ರೂಡ್ರೈವರ್ ತುದಿಯಿಂದ ಒತ್ತಿ ನೋಡಿ. ಬಣ್ಣ ಮಾತ್ರ ಎದ್ದಿದ್ದರೆ ಉಜ್ಜಿ ಪ್ರೈಮರ್ ಹೊಡೆಸಬಹುದು. ತುದಿ ಒಳಗೇ ತೂರಿದರೆ ಆ ಬಾಗಿಲು ಮುಗಿಯಿತು. ಬೇಸ್‌ಮೆಂಟ್ ಮತ್ತು ನೆಲಮಹಡಿಯಲ್ಲಿ ಇಂಥವು ಸಿಗುವುದೇ ಹೆಚ್ಚು.

ಇನ್ನೊಂದು ಪರೀಕ್ಷೆಯನ್ನು ಬಹುತೇಕ ಯಾರೂ ಮಾಡುವುದಿಲ್ಲ. ನಿಮ್ಮ ಮೆಟ್ಟಿಲಿಗೆ ಗಾಳಿ ಒತ್ತುವ ಪ್ರೆಶರೈಸೇಶನ್ ಫ್ಯಾನ್ ಇದ್ದರೆ ಅದನ್ನು ಓಡಿಸಿಟ್ಟು ಎಲ್ಲ ಬಾಗಿಲನ್ನೂ ಮತ್ತೊಮ್ಮೆ ನೋಡಿ. ಮೆಟ್ಟಿಲಿನಲ್ಲಿ 50 ಪ್ಯಾಸ್ಕಲ್ ಒತ್ತಡ ಎಂದರೆ ಕೇಳಲು ಏನೂ ಅಲ್ಲ, ಆದರೆ ಎರಡು ಚದರ ಮೀಟರ್ ಬಾಗಿಲ ಮೇಲೆ ಅದು 100 ನ್ಯೂಟನ್, ಹೆಚ್ಚುಕಡಿಮೆ 10 ಕಿಲೋ ತೂಕದ ತಳ್ಳು. ಬಾಗಿಲು ಮೆಟ್ಟಿಲ ಕಡೆಗೆ ತೆರೆಯುವಂಥದ್ದಾದರೆ ಅಜ್ಜಿಯೊಬ್ಬರಿಗೆ ಅದನ್ನು ತಳ್ಳಿ ತೆರೆಯುವುದು ಕಷ್ಟವಾಗಬಹುದು. ನೆಲಮಹಡಿಯಲ್ಲಿ ಹೊರಕ್ಕೆ ತೆರೆಯುವ ಬಾಗಿಲಾದರೆ ಗಾಳಿಯ ರಭಸಕ್ಕೆ ಲ್ಯಾಚ್ ಕೂರದೇ ಹೋಗಬಹುದು. ಎರಡಕ್ಕೂ ಪರಿಹಾರ ಫ್ಯಾನಿನ ಒತ್ತಡ ಹೊಂದಿಸುವುದರಲ್ಲಿದೆ. ಬಾಗಿಲು ಮಾರುವವರು ಇದನ್ನು ಹೇಳುವುದಿಲ್ಲ, ಫ್ಯಾನಿನವರು ಬಾಗಿಲು ನೋಡುವುದಿಲ್ಲ.

ಈಗ ಶಾಫ್ಟ್‌ಗೆ ಬರೋಣ. ಪ್ರತಿ ಮಹಡಿಯ ಎಲೆಕ್ಟ್ರಿಕಲ್ ಶಾಫ್ಟ್‌ನ ಬಾಗಿಲು ತೆಗೆಯಿಸಿ. ಕೆಲಸ ಎಲೆಕ್ಟ್ರಿಷಿಯನ್ ಜೊತೆಗಿದ್ದಾಗಲೇ ಆಗಲಿ, ಒಳಗೆ ಕೈ ಹಾಕಬೇಡಿ. ಒಬ್ಬರು ಕೆಳಮಹಡಿಯಲ್ಲಿ ನಿಂತು ಟಾರ್ಚನ್ನು ಮೇಲಕ್ಕೆ ಬಿಡಲಿ, ಇನ್ನೊಬ್ಬರು ಮೇಲಿನ ಮಹಡಿಯಲ್ಲಿ ಶಾಫ್ಟ್‌ನೊಳಗೆ ನೋಡಲಿ. ಬೆಳಕು ಕಂಡ ಕಡೆಯಿಂದೆಲ್ಲ ಹೊಗೆ ಬರುತ್ತದೆ. ಹಳೆಯ ಕಟ್ಟಡಗಳಲ್ಲಿ ಬೇಸ್‌ಮೆಂಟ್‌ನಿಂದ ಟೆರೇಸ್‌ವರೆಗೆ ಸ್ಲ್ಯಾಬ್‌ನಲ್ಲಿ ಬಿಟ್ಟ ಕಿಂಡಿ ಹಾಗೇ ಬಾಯಿ ತೆರೆದಿರುವುದುಂಟು. ಅಂದರೆ ಕಟ್ಟಡದ ನಟ್ಟನಡುವೆ ಒಂದು ಚಿಮಣಿ, ಅದರೊಳಗೆ ಕೇಬಲ್ ರಾಶಿ, ಜೊತೆಗೆ ಹೌಸ್‌ಕೀಪಿಂಗ್‌ನವರ ಪೊರಕೆ, ಪೇಂಟ್ ಡಬ್ಬ. ಮೆಟ್ಟಿಲಿಗೆ ಎಷ್ಟೇ ಒಳ್ಳೆಯ ಬಾಗಿಲು ಹಾಕಿದರೂ ಕಾರಿಡಾರ್ ಹೊಗೆಯಿಂದ ತುಂಬಿದ ಮೇಲೆ ಜನ ಆ ಬಾಗಿಲಿನ ತನಕ ತಲುಪಬೇಕಲ್ಲ?

ಸಂಹಿತೆ ಇಲ್ಲಿ ಸ್ಪಷ್ಟವಾಗಿದೆ. ಸೇವೆಗಳ ಶಾಫ್ಟ್ 120 ನಿಮಿಷ ತಡೆಯಬೇಕು, ಎಲೆಕ್ಟ್ರಿಕಲ್ ಶಾಫ್ಟ್‌ನ ಬಾಗಿಲೂ 120 ನಿಮಿಷ ತಡೆಯುವಂಥದ್ದಾಗಿರಬೇಕು, ಉಳಿದ ಸೇವೆಗಳ ಶಾಫ್ಟ್ ಬಾಗಿಲು 60 ನಿಮಿಷ. ಪೈಪು–ಕಾಂಡ್ಯೂಟ್ ಸುತ್ತಲಿನ ಸಂದನ್ನು 120 ನಿಮಿಷ ತಡೆಯುವ ವಸ್ತುವಿನಿಂದಲೇ ತುಂಬಬೇಕು. ಎಷ್ಟೋ ಅಪಾರ್ಟ್‌ಮೆಂಟ್‌ಗಳಲ್ಲಿ ಶಾಫ್ಟ್‌ಗೆ ಇರುವುದು ಪ್ಲೈವುಡ್ ಬಾಗಿಲು, ಮೇಲೆ ಚೆಂದದ ಲ್ಯಾಮಿನೇಟ್. ಮೆಟ್ಟಿಲಿನ ಬಾಗಿಲಿಗೆ ಲಕ್ಷಗಟ್ಟಲೆ ಸುರಿಯಲು ಹೊರಟವರು ಪಕ್ಕದ ಈ ಪ್ಲೈವುಡ್ಡನ್ನು ನೋಡುವುದೇ ಇಲ್ಲ.

ಸೀಲ್ ಮಾಡಲು ಒಂದೇ ವಸ್ತು ಎಲ್ಲ ಕಡೆಗೂ ಒಗ್ಗುವುದಿಲ್ಲ. ಸ್ಲ್ಯಾಬ್‌ನ ದೊಡ್ಡ ಕಿಂಡಿಗೆ ಫೈರ್‌ಸ್ಟಾಪ್ ಮಾರ್ಟರ್ (ಬೆಂಕಿ ತಡೆಯುವ ಗಾರೆ) ಅಥವಾ ಲೇಪ ಹಚ್ಚಿದ ರಾಕ್‌ವೂಲ್ ಬೋರ್ಡ್. ಕೇಬಲ್ ಕಟ್ಟಿನ ಸುತ್ತಲಿನ ಸಣ್ಣ ಸಂದಿಗೆ ಸೀಲಂಟ್. ಮುಂದೆ ಮತ್ತೆ ಕೇಬಲ್ ಎಳೆಯುವ ಜಾಗಕ್ಕೆ ತೆಗೆದು ಹಾಕಬಹುದಾದ ದಿಂಬಿನಂಥ ಬ್ಯಾಗುಗಳು. ಪಿವಿಸಿ ಪೈಪಿನ ಕಥೆ ಬೇರೆ. ಅದು ಸಣ್ಣ ಶಾಖಕ್ಕೇ ಮೆತ್ತಗಾಗಿ ಕುಸಿದು, 110 ಮಿ.ಮೀ. ಪೈಪು ಇದ್ದ ಜಾಗದಲ್ಲಿ ಅಷ್ಟೇ ಅಗಲದ ತೂತು ಬಿಡುತ್ತದೆ. ಅದಕ್ಕೆ ಪೈಪಿನ ಸುತ್ತ ಕಾಲರ್ ಹಾಕಬೇಕು. ಪೈಪು ಕುಸಿದಾಗ ಅದು ಉಬ್ಬಿ ತೂತನ್ನು ಹಿಸುಕಿ ಮುಚ್ಚುತ್ತದೆ. ಆಕಾಶಕ್ಕೆ ತೆರೆದ, ಬಚ್ಚಲುಮನೆ ಕಿಟಕಿಗಳಿರುವ ಪ್ಲಂಬಿಂಗ್ ಡಕ್ಟ್‌ಗಳ ತಂಟೆಗೆ ಹೋಗಬೇಕಾಗಿಲ್ಲ. ಅವುಗಳಿಂದ ಕಾರಿಡಾರಿಗೆ ತೆರೆಯುವ ಬಾಗಿಲು ಭದ್ರವಾಗಿದ್ದರೆ ಸಾಕು.

ಸೀಲ್ ಮಾಡಿದ ಮರುತಿಂಗಳೇ ಇಂಟರ್‌ನೆಟ್ ಕಂಪನಿಯ ಹುಡುಗ ಡ್ರಿಲ್ ಹಿಡಿದು ಬರುತ್ತಾನೆ. ಒಂದು ಮನೆಗೆ ಫೈಬರ್ ಎಳೆಯಲು ನಾಲ್ಕು ಮಹಡಿಯ ಸೀಲ್ ಒಡೆದು ಹೋಗುತ್ತಾನೆ. ಬೆಂಗಳೂರಿನಲ್ಲಿ ಶಾಫ್ಟ್‌ಗಳನ್ನು ಹಾಳು ಮಾಡಿದ್ದರಲ್ಲಿ ಇವರದೇ ಸಿಂಹಪಾಲು ಎಂಬುದು ನನ್ನ ಅಭಿಪ್ರಾಯ. ಡೇಟಾ ಕೇಬಲ್‌ಗೆಂದೇ ಪ್ರತಿ ಸ್ಲ್ಯಾಬ್‌ನಲ್ಲಿ ಒಂದು ಸ್ಲೀವ್ ಬಿಡಿಸಿ. ಶಾಫ್ಟ್‌ನ ಕೀಲಿ ಎಸ್ಟೇಟ್ ಮ್ಯಾನೇಜರ್ ಬಳಿ ಇರಲಿ. ಕಂಪನಿಗಳಿಂದ ಠೇವಣಿ ತೆಗೆದುಕೊಳ್ಳಿ, ಕೆಲಸ ಮುಗಿಸಿ ಸೀಲ್ ಹಾಕಿದ ಫೋಟೊ ತೋರಿಸಿದ ಮೇಲೆ ವಾಪಸ್ ಕೊಡಿ. ದುಡ್ಡು ಸಿಕ್ಕಿಹಾಕಿಕೊಂಡರೆ ಎಲ್ಲರಿಗೂ ನೆನಪು ಚೆನ್ನಾಗಿರುತ್ತದೆ.

ಬೇಸ್‌ಮೆಂಟ್ ಬಗ್ಗೆ ಎರಡು ಮಾತು. ಕಾರು, ಸ್ಕೂಟರು, ಪ್ಯಾನಲ್ ರೂಮು, ಈಗ ಇವಿ ಚಾರ್ಜರು, ಉರಿಯುವ ಸರಕೆಲ್ಲ ಅಲ್ಲೇ ಇದೆ. ಅಲ್ಲಿಂದ ಲಿಫ್ಟ್ ಲಾಬಿಗೆ ಮತ್ತು ಮೆಟ್ಟಿಲಿಗೆ ತೆರೆಯುವ ಬಾಗಿಲುಗಳೇ ಇಡೀ ಕಟ್ಟಡದಲ್ಲಿ ಅತಿ ಮುಖ್ಯ. ಕಾರು ತೊಳೆಯುವವರು, ಸಾಮಾನಿನ ಟ್ರಾಲಿಯವರು ಸದಾ ತೆರೆದಿಡುವುದೂ ಅವನ್ನೇ. ದುಡ್ಡು ಸ್ವಲ್ಪವೇ ಇದ್ದರೆ ಮೊದಲು ಇವು, ಆಮೇಲೆ ಎಲೆಕ್ಟ್ರಿಕಲ್ ಶಾಫ್ಟ್, ಕೊನೆಗೆ ಮೇಲಿನ ಮಹಡಿಗಳ ಮೆಟ್ಟಿಲ ಬಾಗಿಲು. ವೆಂಡರ್‌ನ ಕೊಟೇಶನ್ ಪ್ರಾಯಶಃ ಇದಕ್ಕೆ ತಿರುಗುಮುರುಗಾಗಿದೆ.

ಫ್ಲ್ಯಾಟಿನ ಮುಖ್ಯ ಬಾಗಿಲನ್ನು ನಮ್ಮಲ್ಲಿ ಯಾರೂ ಈ ಲೆಕ್ಕಕ್ಕೆ ಸೇರಿಸುವುದಿಲ್ಲ. ಲಂಡನ್ನಿನ ಗ್ರೆನ್‌ಫೆಲ್ ಟವರ್‌ನಲ್ಲಿ 2017ರ ಜೂನ್ 14ರಂದು 72 ಜನ ಸತ್ತರು. ಅಲ್ಲಿ ಬೆಂಕಿ ಹಬ್ಬಲು ಮುಖ್ಯ ಕಾರಣ ಹೊರಗೋಡೆಯ ಹೊದಿಕೆ, ನಿಜ. ಆದರೆ ಪೊಲೀಸರು ಅಲ್ಲಿನ ಫ್ಲ್ಯಾಟ್ ಬಾಗಿಲೊಂದನ್ನು ಪರೀಕ್ಷೆಗೆ ಒಡ್ಡಿದಾಗ 30 ನಿಮಿಷ ತಡೆಯಬೇಕಿದ್ದದ್ದು ಸುಮಾರು 15 ನಿಮಿಷಕ್ಕೇ ಸೋತಿತು. ನಮ್ಮ ಮನೆಗಳ ಗಟ್ಟಿ ತೇಗದ ಬಾಗಿಲು ಮುಚ್ಚಿದ್ದರೆ ಒಂದಿಷ್ಟು ಹೊತ್ತು ತಡೆಯುತ್ತದೆ, ಟೊಳ್ಳು ಫ್ಲಶ್ ಡೋರ್ ಅಷ್ಟಿಲ್ಲ. ಅದನ್ನು ಬದಲಿಸಿ ಎಂದು ನಾನು ಹೇಳುವುದಿಲ್ಲ. ಮನೆಯಲ್ಲಿ ಬೆಂಕಿ ಹೊತ್ತಿ ಹೊರಗೆ ಓಡಿ ಬರುವಾಗ, ಎಲ್ಲರೂ ಹೊರಬಂದ ಮೇಲೆ, ಬಾಗಿಲು ಎಳೆದು ಮುಚ್ಚಿ ಎಂದು ಮಾತ್ರ ಪ್ರತಿ ಮನೆಗೂ ಹೇಳಿ. ಕೀಲಿ ಒಳಗೇ ಉಳಿಯಿತು ಎಂಬ ಚಿಂತೆ ಆಮೇಲೆ ಮಾಡಬಹುದು.

ಬದಲಿಸಲೇಬೇಕಾದ ಬಾಗಿಲುಗಳು ಯಾವುವು? ತುಕ್ಕು ತೂರಿದ್ದು, ಹಲಗೆ ತಿರುಚಿಕೊಂಡದ್ದು, ಬೀಗಕ್ಕೋ ಸಿಸಿಟಿವಿ ವೈರಿಗೋ ದೊಡ್ಡ ತೂತು ಕೊರೆದದ್ದು, ತಯಾರಕರ ಲೋಹದ ಪಟ್ಟಿಯೂ ಕಾಗದವೂ ಇಲ್ಲದ್ದು. ಹಿಂಜ್‌ನ ಸ್ಕ್ರೂ ಬಿದ್ದಿದೆ, ಕ್ಲೋಸರ್ ಸತ್ತಿದೆ, ಲ್ಯಾಚ್ ಸವೆದಿದೆ, ಸಂದು ಸ್ವಲ್ಪ ಜಾಸ್ತಿಯಿದೆ ಎಂಬುದೆಲ್ಲ ರಿಪೇರಿಯ ಬಾಬತ್ತು.

ಹೊಸದು ಕೊಳ್ಳುವಾಗ ‘ಸರ್ಟಿಫಿಕೇಟ್ ಇದೆ ಸಾರ್’ ಎಂಬ ಒಂದು ಹಾಳೆಗೆ ತೃಪ್ತರಾಗಬೇಡಿ. ಪೂರ್ತಿ ಟೆಸ್ಟ್ ವರದಿ ಕೇಳಿ, ಫೋಟೊ–ನಕ್ಷೆ ಸಮೇತ. ಪರೀಕ್ಷೆ ಫೈರ್ ಡೋರ್‌ಗಳ ಭಾರತೀಯ ಮಾನಕ ಐಎಸ್ 3614ರ 2021ರ ಆವೃತ್ತಿಯ ಪ್ರಕಾರ ಆಗಿದೆಯೇ, ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆಯಂಥ ಕಡೆ ಅಥವಾ ಎನ್‌ಎಬಿಎಲ್ (ಪ್ರಯೋಗಾಲಯಗಳಿಗೆ ಮಾನ್ಯತೆ ಕೊಡುವ ರಾಷ್ಟ್ರೀಯ ಮಂಡಳಿ) ಮಾನ್ಯತೆಯ ಪ್ರಯೋಗಾಲಯದಲ್ಲಿ ಆಗಿದೆಯೇ ನೋಡಿ. ಪರೀಕ್ಷೆಗೆ ಒಡ್ಡಿದ ಬಾಗಿಲಿನ ಅಳತೆ, ಒಂಟಿ ಹಲಗೆಯೋ ಜೋಡಿಯೋ, ಗಾಜಿನ ಕಿಂಡಿಯ ಗಾತ್ರ, ಹಿಂಜ್–ಲ್ಯಾಚಿನ ಮಾದರಿ, ಇವು ನಿಮಗೆ ಕೊಡುವ ಬಾಗಿಲಿಗೆ ಹೊಂದಬೇಕು. ಚಿಕ್ಕ ಒಂಟಿ ಬಾಗಿಲಿನ ವರದಿ ತೋರಿಸಿ ದೊಡ್ಡ ಜೋಡಿ ಬಾಗಿಲು ಮಾರುವುದು ಈ ವ್ಯಾಪಾರದ ಹಳೆಯ ಚಾಳಿ. ಕೂರಿಸುವಾಗ ಚೌಕಟ್ಟಿಗೆ ಏನು ತುಂಬುತ್ತಾರೆ ಎಂದು ನಿಮ್ಮವರೊಬ್ಬರು ಪಕ್ಕದಲ್ಲೇ ನಿಂತು ನೋಡಲಿ. ಪ್ಲಾಸ್ಟರಿಂಗ್ ಆದ ಮೇಲೆ ಅದು ಯಾರಿಗೂ ಕಾಣುವುದಿಲ್ಲ.

ಎಷ್ಟು ದಿನಕ್ಕೊಮ್ಮೆ ಎಂದು ನೀವು ಕೇಳದಿದ್ದರೂ ಕಮಿಟಿಯಲ್ಲಿ ಯಾರಾದರೂ ಕೇಳುತ್ತಾರೆ. ಗ್ರೆನ್‌ಫೆಲ್ ನಂತರ ಇಂಗ್ಲೆಂಡಿನಲ್ಲಿ 2023ರ ಜನವರಿ 23ರಿಂದ ಜಾರಿಯಾದ ನಿಯಮದಂತೆ 11 ಮೀಟರ್‌ಗಿಂತ ಎತ್ತರದ ವಸತಿ ಕಟ್ಟಡಗಳಲ್ಲಿ ಸಾಮಾನ್ಯ ಜಾಗದ ಫೈರ್ ಡೋರ್‌ಗಳನ್ನು ಮೂರು ತಿಂಗಳಿಗೊಮ್ಮೆ, ಫ್ಲ್ಯಾಟ್ ಬಾಗಿಲುಗಳನ್ನು ವರ್ಷಕ್ಕೊಮ್ಮೆ ನೋಡಬೇಕು. ಅಮೆರಿಕದ ‘ಎನ್‌ಎಫ್‌ಪಿಎ 80’ ಎಂಬ ಫೈರ್ ಡೋರ್ ಮಾನಕ ಪ್ರತಿ ವರ್ಷ ಒಂದು ಪೂರ್ಣ ತಪಾಸಣೆ ಕೇಳುತ್ತದೆ. ಮಹಾರಾಷ್ಟ್ರದಲ್ಲಿ 2006ರ ಕಾಯ್ದೆಯಡಿ ಕಟ್ಟಡದ ಅಗ್ನಿಸುರಕ್ಷತಾ ವ್ಯವಸ್ಥೆ ಸುಸ್ಥಿತಿಯಲ್ಲಿದೆ ಎಂದು ಪರವಾನಗಿ ಪಡೆದ ಏಜೆನ್ಸಿಯ ಪ್ರಮಾಣಪತ್ರವನ್ನು ಜನವರಿ ಮತ್ತು ಜುಲೈನಲ್ಲಿ ಸಲ್ಲಿಸಬೇಕು. ನಿಮಗೆ ನನ್ನ ಸಲಹೆ: ರಾತ್ರಿ ಪಾಳಿಯ ಸೆಕ್ಯೂರಿಟಿ ಪ್ರತಿ ರಾತ್ರಿಯ ಸುತ್ತಿನಲ್ಲಿ ತೆರೆದ ಬಾಗಿಲು ಮುಚ್ಚಿ ಬರೆದಿಡಲಿ, ಮೂರು ತಿಂಗಳಿಗೊಮ್ಮೆ ಕಮಿಟಿಯ ಇಬ್ಬರು ಮೇಲೆ ಹೇಳಿದ ಹಾಗೆ ನೋಡಲಿ, ವರ್ಷಕ್ಕೊಮ್ಮೆ ಹೊರಗಿನ ತಜ್ಞರು ಬರಲಿ. ಬರುವ ತಜ್ಞರು ಬಾಗಿಲು ಮಾರುವವರಾಗಿರಬಾರದು, ಅಷ್ಟೇ. ಅಗ್ನಿಶಾಮಕ ಇಲಾಖೆಯ ಎನ್‌ಒಸಿ ಇದೆ ಎಂದು ಇದನ್ನು ಬಿಡಬೇಡಿ. ನಿತ್ಯದ ನಿರ್ವಹಣೆ ಸಂಘದ ಹೊಣೆಯೇ.

ಪ್ರತಿ ಬಾಗಿಲಿಗೂ ಪ್ರತಿ ಶಾಫ್ಟ್‌ಗೂ ಒಂದು ನಂಬರ್ ಬರೆಸಿ, ಆ ನಂಬರ್‌ನಲ್ಲೇ ಫೋಟೊ ಮತ್ತು ಟಿಪ್ಪಣಿ ಇಡಿ. ಮೊದಲ ಸುತ್ತು ಮುಗಿದ ಮೇಲೆ ಆ ಪಟ್ಟಿ ಹಿಡಿದುಕೊಂಡು ವೆಂಡರ್‌ನನ್ನು ಮತ್ತೆ ಕರೆಸಿ, ‘ಎಲ್ಲ ಬಾಗಿಲು’ ಎಂಬುದರ ಬದಲು ಯಾವ ನಂಬರಿನ ಬಾಗಿಲು, ಏನು ದೋಷ ಎಂದು ಬರೆದುಕೊಡಲು ಹೇಳಿ. ಎಎಂಸಿ ನವೀಕರಣ ಬಂದಾಗ ಬಾಗಿಲು ಮತ್ತು ಶಾಫ್ಟ್ ಸೀಲ್ ಎಂಬ ಎರಡು ಸಾಲು ಕರಾರಿಗೆ ಸೇರಿಸಿ. ಅದಕ್ಕೆ ಅವರು ಹೆಚ್ಚು ಕೇಳಿದರೆ ಕೊಡಿ.